ಹದಿನಾಲ್ಕು ಸೀಸೆ, ಒಂದು ಬೀಗ

ಮಾರ್ಚ್ ೪

ಗಡಿಯಾರದವರಿಗೆ,

ನಿಮ್ಮ ಕಾಗದ ತಲುಪಿತು. ಜೊತೆಗಿದ್ದ ಪಟ್ಟಿಯನ್ನೂ ನೋಡಿದೆ. ನನ್ನ ಮಗಳು ಎರಡು ವರ್ಷದಿಂದ ನನಗೆ ಒಂದಕ್ಷರ ಬರೆದಿಲ್ಲ. ಈಗ ನೀವು ಅವಳಿಗೆ ತಿಳಿಯದ ಹಾಗೆ ಬರೆದಿದ್ದೀರಿ, ಉತ್ತರವನ್ನು ನಿಮ್ಮ ಅಂಗಡಿಯ ವಿಳಾಸಕ್ಕೇ ಕಳಿಸಿ ಎಂದೂ ಕೇಳಿದ್ದೀರಿ. ಹೆಂಡತಿಯ ಕಣ್ಣು ತಪ್ಪಿಸಿ ಅತ್ತೆಗೆ ಕಾಗದ ಬರೆಯುವ ಗಂಡಸನ್ನು ನಾನು ಇದೇ ಮೊದಲು ಕಂಡದ್ದು. ಆಗಲಿ.

ನನಗೆ ಅರ್ಥವಾದದ್ದು ಇಷ್ಟು. ಅವಳ ತಂಡ ಏಪ್ರಿಲ್ ಮೊದಲ ವಾರದಲ್ಲಿ ಹಿಮದ ಬೆಟ್ಟಕ್ಕೆ ಹೊರಡುತ್ತದೆ. ಎಪ್ಪತ್ತು ದಿನ. ರಸ್ತೆ ಮುಗಿದ ಮೇಲೆ ನಾಲ್ಕು ದಿನದ ನಡಿಗೆ, ಡಾಕ್ಟರು ಇರುವುದು ಆ ನಾಲ್ಕು ದಿನದ ಈಚೆಗೆ. ಹಿಮದಲ್ಲಿ ಕೋಲು ನೆಟ್ಟು, ಅದು ಎಷ್ಟು ಕರಗಿತೆಂದು ಅಳೆಯುವುದು ಅವಳ ಕೆಲಸ. ಅಳೆಯುವ ಯಂತ್ರಗಳು ಕೈಕೊಡದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಬೇರೆ ಯಾರೂ ಮುಂದೆ ಬರದ ಕಾರಣ ಆರು ಜನರ ಔಷಧಿಯ ಹೊಣೆಯೂ ನಿಮ್ಮ ತಲೆಗೇ ಬಂದಿದೆ. ಅಂದರೆ, ಒಂಬತ್ತನೇ ವಯಸ್ಸಿನಿಂದ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಂಡು ಬದುಕಿರುವ ನನ್ನ ಮಗಳ ಜೀವ ಕೈಗಡಿಯಾರ ರಿಪೇರಿ ಮಾಡುವವರ ಕೈಯಲ್ಲಿದೆ. ಬಹಳ ಚೆನ್ನಾಗಿದೆ.

ಈಗ ಪಟ್ಟಿಯ ವಿಚಾರ. "ತಲೆನೋವಿನ ಮಾತ್ರೆ, ಸಾಕಷ್ಟು" ಎಂದು ಬರೆದಿದ್ದೀರಿ. ಸಾಕಷ್ಟು ಎಂದರೆ ಎಷ್ಟು? ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಔಷಧಿ ಉಗ್ರಾಣ ನೋಡಿಕೊಂಡವಳು ನಾನು. "ಸಾಕಷ್ಟು" ಎಂದು ಬರೆದ ಚೀಟಿಯನ್ನು ದೊಡ್ಡ ಸರ್ಜನ್ನರ ಮೇಜಿನ ಮೇಲೇ ವಾಪಸಿಟ್ಟು ಬಂದಿದ್ದೇನೆ. ಜನ ಎಷ್ಟು, ದಿನ ಎಷ್ಟು, ದಾರಿ ಮುಚ್ಚಿದರೆ ಮೇಲೆ ಇನ್ನೆಷ್ಟು ದಿನ ಎಂದು ಮೊದಲು ಬರೆದುಕೊಳ್ಳಬೇಕು. ಆಮೇಲೆ ಮಾತ್ರೆ ಎಣಿಸಬೇಕು. ಹತ್ತಿ ಒಂದು ಸುರುಳಿಯಂತೆ! ಆರು ಜನ ಎಪ್ಪತ್ತು ದಿನ ಬೂಟು ಹಾಕಿ ನಡೆದರೆ ಹನ್ನೆರಡು ಹಿಮ್ಮಡಿಯಲ್ಲೂ ಗುಳ್ಳೆ ಏಳುತ್ತವೆ. ಅಂಟುಪಟ್ಟಿ ಎಲ್ಲಿ? ಭೇದಿಯಾದರೆ ಕುಡಿಯಲು ಉಪ್ಪು ಸಕ್ಕರೆಯ ಪುಡಿ ಎಲ್ಲಿ? ಹಿಮದ ಮೇಲಿನ ಬಿಸಿಲು ಕಣ್ಣನ್ನೇ ಸುಡುತ್ತದೆ. ಕಪ್ಪು ಕನ್ನಡಕ, ಕಣ್ಣಿನ ಮುಲಾಮು ಎಲ್ಲಿ? ಥರ್ಮಾಮೀಟರ್ ಒಂದೇ ಒಂದು. ಅದು ಒಡೆದರೆ ಹಣೆ ಮುಟ್ಟಿ ನೋಡುತ್ತೀರೋ?

ಇವೆಲ್ಲ ಇಲ್ಲ. ಆದರೆ ಸಣ್ಣ ಚಿಮುಟ ಮೂರು ಇವೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಒಂದಿದೆ. ಔಷಧಿಯ ಪೆಟ್ಟಿಗೆಯೋ, ನಿಮ್ಮ ಅಂಗಡಿಯ ಡ್ರಾಯರೋ?

ಪಟ್ಟಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ನೀವು ಬರೆದ ಕಪ್ಪು ಶಾಯಿ ಅದರಲ್ಲಿ ಬಹಳ ಉಳಿದಿಲ್ಲ. ಇನ್ಸುಲಿನ್ ನೀವು ಕೊಳ್ಳಬೇಡಿ, ಮುಟ್ಟಲೂಬೇಡಿ. ಅದನ್ನು ನಾನೇ ಕಟ್ಟಿ ಕಳಿಸುತ್ತೇನೆ. ಕೊನೆಯಲ್ಲಿ "ತಮ್ಮ ಅಳಿಯ" ಎಂದು ಸಹಿ ಮಾಡಿದ್ದೀರಿ. ಅದು ನಿಮ್ಮ ಅಭಿಪ್ರಾಯ.

ಇಂತಿ,
ನಿವೃತ್ತ ಉಗ್ರಾಣಾಧಿಕಾರಿ


ಮಾರ್ಚ್ ೧೨

ಅತ್ತೆಯವರಿಗೆ ನಮಸ್ಕಾರ.

ತಿದ್ದಿದ ಪಟ್ಟಿ ಸಿಕ್ಕಿತು. ಅದನ್ನೇ ಹೊಸದಾಗಿ ಬರೆದುಕೊಂಡು ಎಲ್ಲವನ್ನೂ ತಂದಿದ್ದೇನೆ. ಥರ್ಮಾಮೀಟರ್ ಮೂರು ಕೊಂಡೆ. ಮಾತ್ರೆಗಳನ್ನು ಎಣಿಸಿ ಪೊಟ್ಟಣ ಕಟ್ಟಿ, ಮೇಲೆ ಯಾವುದಕ್ಕೆ, ದಿನಕ್ಕೆ ಎಷ್ಟು ಎಂದು ಬರೆದಿದ್ದೇನೆ. ಚಿಮುಟ ಮತ್ತು ಭೂತಗನ್ನಡಿಯನ್ನು ಪಟ್ಟಿಯಿಂದ ತೆಗೆದು ನನ್ನ ಸ್ವಂತ ಚೀಲಕ್ಕೆ ಹಾಕಿಕೊಂಡೆ.

ಒಂದು ವಿಷಯ ಕೇಳಬೇಕಿತ್ತು. ತಪ್ಪು ತಿಳಿಯಬಾರದು. ಇನ್ಸುಲಿನ್ ಜೊತೆ ಬರುವ ಚೀಟಿಯಲ್ಲಿ ಅದು ಹೆಪ್ಪುಗಟ್ಟಬಾರದು ಎಂದಿದೆ. ನಾವು ಹೋಗುವ ಕಡೆ ರಾತ್ರಿ ಬಕೆಟ್ಟಿನ ನೀರು ಬುಡದವರೆಗೆ ಗಟ್ಟಿಯಾಗುತ್ತದಂತೆ. ನನ್ನ ಅಂಗಡಿಯಲ್ಲಿ ಚಳಿಗಾಲದಲ್ಲಿ ಒಂದು ಸಂಗತಿ ನೋಡಿದ್ದೇನೆ. ಮೇಜಿನ ಮೇಲೆ ಬಿಟ್ಟ ಕೈಗಡಿಯಾರದೊಳಗಿನ ಎಣ್ಣೆ ಮಂದವಾಗಿ, ಬೆಳಗಾಗುವಷ್ಟರಲ್ಲಿ ಅದು ಹಿಂದೆ ಬಿದ್ದಿರುತ್ತದೆ. ಕೈಗೆ ಕಟ್ಟಿಕೊಂಡದ್ದು ಸರಿಯಾಗಿ ನಡೆಯುತ್ತಿರುತ್ತದೆ, ಮೈ ಬಿಸಿ ಇರುತ್ತದಲ್ಲ. ಹಾಗಾಗಿ ಕೆಲವು ಸೀಸೆಗಳನ್ನು ಮೈಗೆ ಹತ್ತಿರ ಇಟ್ಟುಕೊಳ್ಳಬಹುದೇ?

ಅವಳು ಚೆನ್ನಾಗಿದ್ದಾಳೆ. ಹೊಸ ಬೂಟು ಹಾಕಿಕೊಂಡು ದಿನಾ ಮಹಡಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ.

ತಮ್ಮ ಅಳಿಯ


ಮಾರ್ಚ್ ೧೯

ಗಡಿಯಾರದವರಿಗೆ,

ಆ ಚೀಟಿಯನ್ನು ನೀವು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗಲೇ ನಾನು ಓದಿ ಮುಗಿಸಿದ್ದೇನೆ. ಐಸ್ ಪ್ಯಾಕ್ ನೇರವಾಗಿ ಸೀಸೆಗೆ ತಾಗಬಾರದು ಎಂದು ಅದರ ಅರ್ಥ. ನಡುವೆ ಬಟ್ಟೆ ಸುತ್ತಿದರೆ ಮುಗಿಯಿತು. ಔಷಧಿಯನ್ನು ಗಡಿಯಾರಕ್ಕೆ ಹೋಲಿಸುವ ಬುದ್ಧಿಗೆ ಏನನ್ನಬೇಕೋ ನನಗೆ ತಿಳಿಯದು. ನಾಳೆ ನನ್ನ ಮಗಳಿಗೆ ಜ್ವರ ಬಂದರೆ ಕೀಲಿ ಕೊಡುತ್ತೀರೇನೋ!

ಮೈಗೆ ಹತ್ತಿರ ಇಟ್ಟುಕೊಳ್ಳುತ್ತೀರಾ? ಮೈ ಬಿಸಿ ಎಂದು ನೀವೇ ಬರೆದಿದ್ದೀರಲ್ಲ. ಶಾಖ ಇನ್ಸುಲಿನ್ನಿಗೆ ಏನು ಮಾಡುತ್ತದೆಂದು ಹೇಳುತ್ತೇನೆ, ಕೇಳಿ. ಅವಳಿಗೆ ಹನ್ನೊಂದು ವರ್ಷ. ಕಡು ಬೇಸಿಗೆ. ಊರಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಮನೆಯ ಫ್ರಿಜ್ಜಿನಲ್ಲಿದ್ದ ಸೀಸೆ ನೋಡಲು ಮೊದಲಿನ ಹಾಗೇ ಇತ್ತು. ಚುಚ್ಚಿದೆ. ಮಾರನೆಯ ದಿನವೂ ಅದನ್ನೇ ಚುಚ್ಚಿದೆ. ಆಮೇಲೆ ಅವಳು ಮೂರು ದಿನ ಕಣ್ಣು ಬಿಡಲಿಲ್ಲ. ಇಡೀ ಊರಿನ ಔಷಧಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದವಳು ನಾನು, ಮಗಳಿಗೆ ಕೆಟ್ಟ ಔಷಧಿ ಚುಚ್ಚಿದವಳೂ ನಾನೇ. ಇದನ್ನು ನಿಮಗೆ ಅವಳು ಹೇಳಿರಲಾರಳು. ನನಗೂ ಹೇಳಿಕೊಳ್ಳುವ ಚಟವಿಲ್ಲ. ನಿಮ್ಮ ಮೈ ಬಿಸಿಯ ಮಾತಿಗೆ ಹೇಳಬೇಕಾಯಿತು.

ಆದ್ದರಿಂದ ಐಸ್. ಹೋಗುವಾಗ ಐಸ್, ಮೇಲೆ ಐಸ್, ಬರುವಾಗ ಐಸ್.

ಹದಿನಾಲ್ಕು ಸೀಸೆ ಕಳಿಸಿದ್ದೇನೆ. ಒಂದು ಸೀಸೆ ಅವಳಿಗೆ ಹತ್ತು ದಿನ ಬರುತ್ತದೆ. ಎಪ್ಪತ್ತು ದಿನಕ್ಕೆ ಏಳು, ಅದರ ಮೇಲೆ ಇನ್ನೂ ಏಳು. ಪ್ರತಿ ಸೀಸೆಯ ಮೇಲೂ ನಾನೇ ಶಾಯಿಯಲ್ಲಿ ನಂಬರ್ ಬರೆದಿದ್ದೇನೆ. ಎಲ್ಲವೂ ಲಸಿಕೆ ಒಯ್ಯುವ ಐಸ್ ಡಬ್ಬದಲ್ಲಿವೆ. ಡಬ್ಬ ಒಂದು, ಬೀಗ ಒಂದು, ಬೀಗದ ಕೈ ಒಬ್ಬರ ಹತ್ತಿರ. ಔಷಧಿಯನ್ನು ಎರಡು ಕಡೆ ಇಟ್ಟವನು ಎರಡನ್ನೂ ಕಳೆದುಕೊಳ್ಳುವುದನ್ನು ಮೂವತ್ತೊಂದು ವರ್ಷ ನೋಡಿದ್ದೇನೆ. ಮೇಲೆ ಹೋದ ಮೇಲೆ ಪ್ರತಿ ಸಂಜೆ ಐಸ್ ಪ್ಯಾಕುಗಳನ್ನು ಹೊರಗೆ ಹಿಮದಲ್ಲಿ ಹೂತು, ಗಟ್ಟಿ ಮಾಡಿ, ಮತ್ತೆ ಡಬ್ಬದೊಳಗಿಡಿ. ಒಂದು ದಿನವೂ ತಪ್ಪಬಾರದು. ಅಷ್ಟನ್ನಾದರೂ ನೆನಪಿಟ್ಟುಕೊಳ್ಳಿ, ಬೇಕಾದರೆ ಅಲಾರಂ ಇಟ್ಟುಕೊಳ್ಳಿ.

ಇಂತಿ,
ನಿವೃತ್ತ ಉಗ್ರಾಣಾಧಿಕಾರಿ

ಡಬ್ಬ ನಾನು ಕಳಿಸಿದ್ದೆಂದು ಅವಳಿಗೆ ತಿಳಿದರೆ ತೆಗೆದುಕೊಳ್ಳಲಾರಳು. ನೀವೇ ಕೊಂಡದ್ದೆಂದು ಹೇಳಿ.


ಏಪ್ರಿಲ್ ೮

ಅತ್ತೆಯವರಿಗೆ ನಮಸ್ಕಾರ.

ರಸ್ತೆ ಮುಗಿಯುವ ಹಳ್ಳಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಅಂಚೆಯವರು ಅಂಗಡಿಯನ್ನೂ ನಡೆಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಸಾಮಾನು ಹೊರುವವರ ಜೊತೆ ನಮ್ಮ ಕಾಗದ ಇಳಿಯುತ್ತದೆ, ಮೇಲಕ್ಕೂ ಬರುತ್ತದೆ.

ದಾರಿಯಲ್ಲಿ ತುಂಬ ಸೆಕೆಯಿತ್ತು. ತಾವು ಹೇಳಿದ ಹಾಗೆ ಮೂರು ಊರುಗಳಲ್ಲಿ ಐಸ್ ಬದಲಿಸಿದೆ. ಹದಿನಾಲ್ಕೂ ಚೆನ್ನಾಗಿವೆ. ಬೀಗದ ಕೈ ನನ್ನ ಕೊರಳಲ್ಲಿದೆ.

ಡಬ್ಬದ ಬಗ್ಗೆ ಅವಳು ಕೇಳಿದಳು. ನಾನೇ ಕೊಂಡೆ ಎಂದೆ. "ಇಷ್ಟು ಗಂಟು ಹಾಕಿ ಹಗ್ಗ ಕಟ್ಟೋರು ನನಗೆ ಒಬ್ಬರೇ ಗೊತ್ತು" ಎಂದು ಹೇಳಿ ಡಬ್ಬವನ್ನು ಸಾಮಾನಿನ ಜೊತೆ ಇಟ್ಟಳು.

ತಮ್ಮ ಅಳಿಯ


ಏಪ್ರಿಲ್ ೨೦

ಗಡಿಯಾರದವರಿಗೆ,

ಒಂದು ಸುಳ್ಳು ಹೇಳಿ ಎಂದರೆ ಅದನ್ನೂ ನೆಟ್ಟಗೆ ಹೇಳಲಿಲ್ಲ. ಹಗ್ಗದ ಗಂಟು ಬಿಚ್ಚಿ ನಿಮ್ಮ ಕೈಯಾರೆ ಮತ್ತೆ ಕಟ್ಟಬೇಕೆಂದು ಹೊಳೆಯಲಿಲ್ಲವೇ? ಗಡಿಯಾರವೇನೋ ಬಿಚ್ಚುತ್ತೀರಿ.

ಸಂಜೆಯ ಐಸ್ ತಪ್ಪಿಸಬೇಡಿ. ಅವಳು ಊಟ ಮಾಡಿದ್ದನ್ನು ನೋಡಿ ಆಮೇಲೆ ನೀವು ಊಟ ಮಾಡಿ. ಕೆಲಸಕ್ಕೆ ಕೂತರೆ ಹೊತ್ತು ಮರೆಯುವುದು ಅವಳ ಹಳೆಯ ಚಾಳಿ. ಚುಚ್ಚಿಕೊಂಡು ಉಣ್ಣದೇ ಇದ್ದರೆ ಕೈ ನಡುಗಿ ಬೀಳುತ್ತಾಳೆ. ಜೇಬಿನಲ್ಲಿ ಯಾವಾಗಲೂ ಸಕ್ಕರೆ ಇರಲಿ, ಅವಳ ಜೇಬಿನಲ್ಲೂ ನಿಮ್ಮ ಜೇಬಿನಲ್ಲೂ.

ನಾನು ಕೇಳಿದೆ ಎಂದು ಅವಳಿಗೆ ಹೇಳಬೇಡಿ. ನಾನು ಏನನ್ನೂ ಕೇಳಿಲ್ಲ.

ಇಂತಿ,
ನಿವೃತ್ತ ಉಗ್ರಾಣಾಧಿಕಾರಿ


ಮೇ ೧೭

ಅತ್ತೆಯವರಿಗೆ ನಮಸ್ಕಾರ.

ಎಲ್ಲರೂ ಕ್ಷೇಮ. ಅವಳೂ ಕ್ಷೇಮ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ, ಮುಂದಿನದನ್ನು ಓದಿ ಗಾಬರಿಯಾಗಬಾರದು ಎಂದು.

ಹೋದ ವಾರ ಹೊಳೆ ದಾಟುವಾಗ ಅನಿರೀಕ್ಷಿತವಾಗಿ ನನ್ನ ಕಾಲು ಜಾರಿತು. ಡಬ್ಬ ಅನಿರೀಕ್ಷಿತವಾಗಿ ನೀರಿಗೆ ಬಿತ್ತು. ತುಂಬ ಹೊತ್ತು ನೀರಿನಲ್ಲಿತ್ತು. ಮೇಲೆತ್ತಿದ ಮೇಲೆ ಒಳಗಿನ ಆರು ಸೀಸೆಗಳನ್ನು ಬಳಸುವುದು ಬೇಡವೆಂದು ತೀರ್ಮಾನಿಸಿದೆವು. ಮೂರು ಸೀಸೆ ಮೊದಲೇ ಖಾಲಿಯಾಗಿದ್ದವು. ಉಳಿದ ಐದು ಬೇರೆ ಕಡೆ ಇದ್ದವು. ಕೆಲಸ ಮುಗಿಯುವವರೆಗೆ ಅವು ಧಾರಾಳ ಸಾಕು.

ತಪ್ಪು ನನ್ನದು. ಕ್ಷಮೆ ಇರಲಿ.

ತಮ್ಮ ಅಳಿಯ


ಮೇ ೨೮

ಗಡಿಯಾರದವರಿಗೆ,

ನಿಮ್ಮ ಕಾಗದವನ್ನು ನಿಂತುಕೊಂಡೇ ಓದಿದೆ. ಓದಿ ಮುಗಿಸಿ ಕೂತವಳು ಸಂಜೆಯವರೆಗೂ ಏಳಲಿಲ್ಲ.

ಹೊತ್ತುಕೊಂಡು ಹೋಗಿ ಎಂದು ನನ್ನ ಮಗಳ ಜೀವ ನಿಮ್ಮ ಕೈಗೆ ಕೊಟ್ಟರೆ ಹೊಳೆಗೆ ಹಾಕಿದಿರಿ. ನಿಮ್ಮ ಮದುವೆಯ ದಿನ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ನಿಂತು ನಾನು ಹೇಳಿದ್ದೆ, "ಗಡಿಯಾರದ ಮುಳ್ಳು ತಿರುಗಿಸೋನ ಕೈಗೆ ನನ್ನ ಮಗಳ ಸೂಜಿ ಕೊಡೋದಾ" ಅಂತ. ಅದೊಂದು ಮಾತಿಗೆ ಅವಳು ಎರಡು ವರ್ಷ ನನ್ನ ಮುಖ ನೋಡಲಿಲ್ಲ. ಈಗ ಹೇಳಲಿ, ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು?

ಇನ್ನೊಂದು. ಐದು ಸೀಸೆ "ಬೇರೆ ಕಡೆ" ಇದ್ದವಂತೆ. ಯಾವ ಕಡೆ? ನಾನು ಬೀಗ ಹಾಕಿದ ಡಬ್ಬದಿಂದ ಅವನ್ನು ತೆಗೆದವರು ಯಾರು, ಯಾರನ್ನು ಕೇಳಿ ತೆಗೆದರು? ಅದೃಷ್ಟ ಚೆನ್ನಾಗಿತ್ತು, ಉಳಿದುಕೊಂಡವು. ಹಾಗೆಂದ ಮಾತ್ರಕ್ಕೆ ಕದ್ದು ತೆಗೆದದ್ದು ಸರಿಯಾಗುವುದಿಲ್ಲ.

ಕೆಳಗಿಳಿದ ಕೂಡಲೇ ಹದಿನಾಲ್ಕು ಸೀಸೆಗಳನ್ನೂ ನನಗೆ ವಾಪಸು ಕಳಿಸಬೇಕು. ಖಾಲಿಯಾದದ್ದು, ಕೆಟ್ಟದ್ದು, ಒಡೆದಿದ್ದರೆ ಅದರ ಚೂರು, ಎಲ್ಲವೂ. ನನ್ನ ಉಗ್ರಾಣದಿಂದ ಹೋದದ್ದು ಲೆಕ್ಕ ಕೊಡದೆ ಉಳಿದದ್ದಿಲ್ಲ.

ಇಂತಿ,
ನಿವೃತ್ತ ಉಗ್ರಾಣಾಧಿಕಾರಿ


ಜೂನ್ ೧೬

ಅತ್ತೆಯವರಿಗೆ ನಮಸ್ಕಾರ.

ಎಲ್ಲರೂ ಇಳಿದು ಬಂದೆವು. ಅವಳು ಎರಡು ಕೆಜಿ ಇಳಿದಿದ್ದಾಳೆ, ಬೇರೇನೂ ತೊಂದರೆಯಿಲ್ಲ. ಹಿಮ ಅವಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಕರಗಿದೆಯಂತೆ.

ತಾವು ಹೇಳಿದಂತೆ ಹದಿನಾಲ್ಕು ಸೀಸೆಗಳನ್ನೂ ಪಾರ್ಸೆಲ್ ಮಾಡಿದ್ದೇನೆ. ಏಳು ಖಾಲಿ, ಆರು ಕೆಟ್ಟವು, ಒಂದು ತುಂಬಿದ್ದು.

ತಮ್ಮ ಅಳಿಯ


ಜೂನ್ ೨೫

ಗಡಿಯಾರದವರಿಗೆ,

ಸೀಸೆಗಳು ಬಂದವು. ಅಡುಗೆಮನೆಯ ಕಿಟಕಿಯ ಹಲಗೆಯ ಮೇಲೆ ನಂಬರಿನ ಪ್ರಕಾರ ಸಾಲಾಗಿ ಇಟ್ಟೆ. ಬೆಳಗಿನ ಬಿಸಿಲು ಅಲ್ಲಿ ಚೆನ್ನಾಗಿ ಬೀಳುತ್ತದೆ.

ನಿಮ್ಮಷ್ಟು ದಡ್ಡ ಸುಳ್ಳುಗಾರರನ್ನು ನಾನು ಕಂಡಿಲ್ಲ. ಹೊಳೆಯಲ್ಲಿ ತುಂಬ ಹೊತ್ತು ನೆನೆದ ಸೀಸೆಗಳಂತೆ. ನಾನು ಬರೆದದ್ದು ಶಾಯಿಯಲ್ಲಿ. ಒಂದು ಹನಿ ನೀರು ತಾಗಿದರೂ ಹರಡುವ ಶಾಯಿ. ಆರು ಸೀಸೆಗಳ ಮೇಲೂ ನಂಬರ್ ನಿನ್ನೆ ಬರೆದ ಹಾಗಿದೆ.

ಒಂದನ್ನು ಎತ್ತಿ ಅಂಗೈಗಳ ನಡುವೆ ಉರುಳಿಸಿದೆ. ಒಳ್ಳೆಯ ಔಷಧಿಯಾದರೆ ಹಾಲಿನ ಹಾಗೆ ಒಂದೇ ಸಮ ಬೆರೆಯಬೇಕು. ಇದರಲ್ಲಿ ಕಾಳು ಕಾಳು ನಿಂತಿದೆ, ಗಾಜಿನ ಒಳಗೋಡೆಗೆ ಪುಡಿ ಅಂಟಿದೆ. ಎಂಟನೆಯ ಸೀಸೆಯ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಬಿದ್ದ ಗಾಜು ಹಾಗೆ ಬಿರಿಯುವುದಿಲ್ಲ. ಒಳಗಿದ್ದದ್ದು ಗಟ್ಟಿಯಾಗಿ ಹಿಗ್ಗಿದರೆ ಹಾಗೆ ಬಿರಿಯುತ್ತದೆ.

ನಾನು ಬರೆದ ಪ್ರತಿ ಕಾಗದಕ್ಕೂ ಕಾರ್ಬನ್ ಇಟ್ಟು ಪ್ರತಿ ತೆಗೆಯುವುದು ಕಚೇರಿಯ ಅಭ್ಯಾಸ. ಆ ಪ್ರತಿಗಳನ್ನು ತೆಗೆದು ಓದಿದೆ. ಮಾರ್ಚ್ ಹತ್ತೊಂಬತ್ತರ ಕಾಗದ ಬರೆದ ಹೆಂಗಸು ಎಂಥ ಮೂರ್ಖಳು! ಹೆಪ್ಪುಗಟ್ಟುವ ಜಾಗಕ್ಕೆ ಹೋಗುತ್ತೇವೆ, ಚೀಟಿಯಲ್ಲಿ ಹೀಗಿದೆ ಎಂದು ಒಬ್ಬರು ಕೈಮುಗಿದು ಕೇಳುತ್ತಾರೆ. ಆ ಹೆಂಗಸು, ಹಿಮದಲ್ಲಿ ಹೂತ ಐಸನ್ನು ದಿನಾ ಔಷಧಿಯ ಪಕ್ಕ ಇಡಿ, ಒಂದು ದಿನವೂ ತಪ್ಪಬೇಡಿ ಎನ್ನುತ್ತಾಳೆ. ಮೂವತ್ತೊಂದು ವರ್ಷ ಸೆಕೆಯ ಜೊತೆ ಹೊಡೆದಾಡಿ ಚಳಿ ಎನ್ನುವುದು ಒಂದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಹನ್ನೊಂದು ವರ್ಷದ ಮಗಳಿಗೆ ಕೆಟ್ಟದ್ದನ್ನು ಚುಚ್ಚಿದ್ದು ಸಾಲದೆಂದು ಎರಡನೆಯ ಸಲ ತನ್ನ ಕೈಯಾರೆ ಕೆಡಿಸಿ, ಹಗ್ಗ ಬಿಗಿದು ಕಳಿಸಿದಳು.

ಹೊಳೆ ಇರಲಿಲ್ಲ, ಕಾಲು ಜಾರಲಿಲ್ಲ. ನಿಮ್ಮ ತಪ್ಪೂ ಇರಲಿಲ್ಲ. ಆದರೂ ನನ್ನ ಕೈಯಲ್ಲಿ ಅಷ್ಟು ಬೈಸಿಕೊಂಡು ಸುಮ್ಮನಿದ್ದಿರಿ. ಆ ಐದು ಸೀಸೆ ಎಲ್ಲಿದ್ದವು? ನನ್ನ ಮಗಳಿಗೆ ಏನಾಯಿತು? ಈ ಸಲ ನಿಜ ಬರೆಯಿರಿ.

ಅವಳಿಗೂ ತಿಳಿಸಿ, ಯಾರು ಕೆಡಿಸಿದರೆಂದು. ನಾನು ಮುಚ್ಚಿಡುವವಳಲ್ಲ.

ಇಂತಿ,
ಸಹಿ ಏನೆಂದು ಮಾಡಬೇಕೋ ತಿಳಿಯುತ್ತಿಲ್ಲ


ಜುಲೈ ೩

ಅಮ್ಮ,

ನಿನ್ನ ಕಾಗದ ಅಂಗಡಿಗೆ ಬಂದಾಗ ಅವರು ಒಂದು ಗೋಡೆ ಗಡಿಯಾರ ಬಿಚ್ಚಿ ಹರಡಿಕೊಂಡಿದ್ದರು. ಓದಿ, ಕೈ ಒರೆಸಿಕೊಂಡು, ನೇರ ಮನೆಗೆ ತಂದು ನನ್ನ ಕೈಗೆ ಕೊಟ್ಟರು. "ನನಗೆ ಬರಲ್ಲ, ನೀನೇ ಬರಿ" ಎಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದರಲ್ಲಿ ನಿನ್ನ ಮಾತು ಸರಿ. ಹೊಳೆಯ ಕಥೆ ಕಟ್ಟಿದವಳು ನಾನು. ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಬರೆಸಿದೆ. ಆ "ಅನಿರೀಕ್ಷಿತವಾಗಿ" ನನ್ನದೇ. ನೀನು ಕೇಳಿದೆ ಎಂದು ಅವರು ಸೀಸೆಗಳನ್ನು ವಾಪಸು ಕಳಿಸುತ್ತಾರೆಂದು ನನಗೆ ಹೊಳೆಯಲಿಲ್ಲ. ಇಂಥ ಪೆದ್ದನನ್ನು ಕಟ್ಟಿಕೊಂಡಿದ್ದೇನೆ.

ನಡೆದದ್ದು ಹೀಗೆ. ಒಂದು ವಾರ ಭಯಂಕರ ಚಳಿ. ನಾಲ್ಕನೆಯ ಸೀಸೆ ಶುರು ಮಾಡಿ ಎರಡು ದಿನವಾಗಿತ್ತು. ಬಾಯಾರಿಕೆ ತಡೆಯಲಾಗಲಿಲ್ಲ. ಆಮೇಲೆ ವಾಂತಿ. ನಾನು ಚಳಿಗೆ, ಎತ್ತರಕ್ಕೆ ಎಂದುಕೊಂಡು ಇನ್ನೂ ಹೆಚ್ಚು ಚುಚ್ಚಿಕೊಂಡೆ, ರಕ್ತದ ಸಕ್ಕರೆ ಏನೂ ಇಳಿಯಲಿಲ್ಲ. ಅವರು ಸೀಸೆಯನ್ನು ಬಿಸಿಲಿಗೆ ಹಿಡಿದು, ನೀನು ಪಟ್ಟಿಯಿಂದ ಹೊಡೆದುಹಾಕಿದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ತುಂಬ ಹೊತ್ತು ನೋಡಿದರು. "ಇದರೊಳಗೆ ಕಾಳು ಇದೆ, ಇದನ್ನ ಚುಚ್ಚಬೇಡ" ಎಂದರು. ಆಮೇಲೆ ಸ್ವೆಟರ್ ಎತ್ತಿದರು. ಅಂಗಿಯ ಒಳಗೆ ಐದು ಸಣ್ಣ ಜೇಬು, ಗಡಿಯಾರದ ಚಕ್ರದ ಹಲ್ಲಿನಷ್ಟು ಸಣ್ಣ ಹೊಲಿಗೆ. ರಸ್ತೆ ಮುಗಿದ ಹಳ್ಳಿಯಿಂದಲೇ ಐದು ಸೀಸೆ ಅಲ್ಲಿದ್ದವು. ಮಲಗುವಾಗಲೂ ಅಂಗಿ ಬಿಚ್ಚಿರಲಿಲ್ಲ. ಒಂದು ತಿಂಗಳು ಮಗ್ಗುಲು ಬದಲಿಸದೆ ಬೆನ್ನಿನ ಮೇಲೇ ಮಲಗುತ್ತಿದ್ದರು, ನಾನು ಅದನ್ನು ಸೋಮಾರಿತನ ಅಂದುಕೊಂಡಿದ್ದೆ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಬೈದೆ. "ಅತ್ತೆ ಬೇಡ ಅಂದಿದ್ದರು" ಎಂದರು. ನಿಮ್ಮಿಬ್ಬರ ಕಾಗದಗಳ ವಿಷಯ ನನಗೆ ಪೂರ್ತಿ ತಿಳಿದದ್ದು ಆಗಲೇ. ಡಬ್ಬಕ್ಕೆ ನಿನ್ನ ಐಸನ್ನು ಒಂದು ಸಂಜೆಯೂ ತಪ್ಪಿಸದೆ ಇಟ್ಟರು. ಐಸಿನ ವಿಷಯದಲ್ಲಿ ನಿನ್ನ ಮಾತನ್ನೂ ಮೀರಲಿಲ್ಲ, ನಿನ್ನ ಮಾತನ್ನು ನಂಬಲೂ ಇಲ್ಲ.

ಸುಳ್ಳು ಯಾಕೆ ಬರೆಸಿದೆ ಎಂದರೆ, ಆ ಬೇಸಿಗೆ ನನಗೂ ನೆನಪಿದೆ. ನಾನು ಕಣ್ಣು ಬಿಟ್ಟಾಗ ನೀನು ಮಂಚದ ಪಕ್ಕ ನೆಲದ ಮೇಲೆ ಕೂತು ಬೀಗದ ಕೈಗೊಂಚಲನ್ನು ಗೋಡೆಗೆ ಬಡಿಯುತ್ತಿದ್ದೆ. ಇನ್ನೊಂದು ಸಲ ನೀನು ಹಾಗೆ ಕೂರುವುದು ನನಗೆ ಬೇಡವಾಗಿತ್ತು. ಅವರನ್ನು ಬೈದರೆ ನಿನಗೆ ಏನೂ ಆಗುವುದಿಲ್ಲ ಅಂದುಕೊಂಡೆ. ಅವರೂ "ಬೈಯಲಿ ಬಿಡು" ಎಂದರು.

ಎರಡು ವರ್ಷ ನಾನು ಬರೆಯಲಿಲ್ಲ. ನಿನ್ನ ಮಾತು ಈಗಲೂ ನನಗೆ ಸಿಟ್ಟು ತರಿಸುತ್ತದೆ. ಆದರೆ ನಾನೂ ಬೆಟ್ಟದ ಮೇಲೆ ಅವರನ್ನು ಸೋಮಾರಿ ಅಂದುಕೊಂಡೆನಲ್ಲ.

ಮುಂದಿನ ವರ್ಷ ಮತ್ತೆ ಹೋಗಬೇಕು, ಅದೇ ಕೋಲುಗಳನ್ನು ಅಳೆಯಬೇಕು. ನಾವಿಬ್ಬರೂ ಸೇರಿ ಮಾಡಿದ ಹೊಸ ಪಟ್ಟಿ ಇದರೊಂದಿಗಿದೆ. ತಿದ್ದಿ ಕಳಿಸು.

ನಿನ್ನ ಮಗಳು


ಜುಲೈ ೧೨

ಅಳಿಯಂದಿರಿಗೆ,

ಪಟ್ಟಿ ಬಂತು. ಇಬ್ಬರೂ ಸೇರಿ ಮಾಡಿದ್ದಂತೆ, ಆದರೂ ಗುಳ್ಳೆಯ ಅಂಟುಪಟ್ಟಿ ಮತ್ತೆ ಕಡಿಮೆ. ನನ್ನ ಮಗಳ ಎಣಿಕೆ ನಿಮ್ಮ ಎಣಿಕೆಗಿಂತ ಕೆಟ್ಟದಾಗಿದೆ ಎಂದು ಅವಳಿಗೆ ಹೇಳಿ. ಕೆಂಪು ಪೆನ್ನಿನಲ್ಲಿ ತಿದ್ದಿದ್ದೇನೆ.

ಚಿಮುಟ ಮೂರು, ಭೂತಗನ್ನಡಿ ಒಂದು: ಇವನ್ನು ಮೊದಲನೆಯ ಸಾಲಿಗೆ ಸೇರಿಸಿದ್ದೇನೆ. ಇನ್ಸುಲಿನ್ ಸೀಸೆ ಹದಿನಾಲ್ಕು. ಏಳು ಡಬ್ಬದಲ್ಲಿ. ರಸ್ತೆ ಮುಗಿಯುವವರೆಗೆ ಐಸ್, ಆಮೇಲೆ ಐಸ್ ತೆಗೆದು ಕಂಬಳಿ ಸುತ್ತಿ. ಉಳಿದ ಏಳು ಎಲ್ಲಿ ಎನ್ನುವ ಜಾಗದಲ್ಲಿ "ಅಳಿಯಂದಿರ ಅಂಗಿ" ಎಂದು ಬರೆದಿದ್ದೇನೆ.

ಆ ಅಂಗಿಯನ್ನು ನನಗೆ ಕಳಿಸಿ. ಜೇಬು ಐದೇ ಇವೆ, ಇನ್ನೆರಡು ಹೊಲಿಯಬೇಕು. ನಿಮ್ಮ ಹೊಲಿಗೆ ಎಷ್ಟೇ ಸಣ್ಣದಿರಲಿ, ನನಗೆ ಅದರ ಮೇಲೆ ನಂಬಿಕೆಯಿಲ್ಲ.

ಇಂತಿ,
ನಿಮ್ಮ ಅತ್ತೆ